ಸ್ರಿಮ್: ಬಿಟ್ಟಿ ಸಿಗುವ ಈ ಹಳೇ ಸಾಫ್ಟ್‌ವೇರ್ ಇಲ್ಲದೆ ನಮ್ಮ ಕೆಲಸ ಶುರುವಾಗುವುದೇ ಇಲ್ಲ

ಹೋದ ವಾರ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಕೇಳಿದ, "ಅಕ್ಕಾ, ಸ್ರಿಮ್ ಹಾಕಿಕೊಂಡರೆ ಸಾಕಾ, ಡಿಪಿಎ ತಾನಾಗೇ ಬರುತ್ತಾ?" ಸ್ರಿಮ್ ಅಂದರೆ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಇರುವ ಪರಮಾಣುಗಳು, ಲೋಹದಂಥ ವಸ್ತುವಿನ ಮೇಲೆ ಬಿದ್ದಾಗ ಒಳಗೆ ಏನಾಗುತ್ತದೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್. ಡಿಪಿಎ ಅಂದರೆ ಆ ಹಾನಿಯ ಅಳತೆ. ಬರುತ್ತೆ ಅಂದೆ. ಆದರೆ ಬಂದ ಸಂಖ್ಯೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಅಂತ ಹೇಳಲು ಅವನ ಪಕ್ಕ ಕೂತು ಎರಡು ಗಂಟೆ ಮಾತಾಡಬೇಕಾಯಿತು. ಆ ಮಾತನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಶುರು ಮಾಡಿದಾಗ ಇಂಥದ್ದೊಂದು ಕನ್ನಡದಲ್ಲಿ ಓದಲು ಸಿಕ್ಕಿದ್ದರೆ ಒಂದು ತಿಂಗಳ ಕೆಲಸ ಉಳಿಯುತ್ತಿತ್ತು.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ವಿಕಿರಣ ಬಿದ್ದರೆ ಲೋಹ ಹೇಗೆ ಕೆಡುತ್ತದೆ ಅನ್ನುವುದನ್ನು ನೋಡುವುದು. ಹೆಚ್ಚಾಗಿ ಉಕ್ಕು, ಕೆಲವೊಮ್ಮೆ ಜಿರ್ಕೋನಿಯಂ. ನಮ್ಮೂರು ಯಲ್ಲಾಪುರದ ಕಡೆ, ಕೈಗಾ ಅಲ್ಲಿಂದ ದೂರವೇನಲ್ಲ. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿತು. ಪೇಪರಿನಲ್ಲೆಲ್ಲ ಬಂದಿತ್ತು, ನೆನಪಿರಬಹುದು. ಎಲ್ಲರೂ ಎಷ್ಟು ಕರೆಂಟು ಬಂತು ಅಂತ ಲೆಕ್ಕ ಹಾಕಿದರು. ನನ್ನ ತಲೆಯಲ್ಲಿ ಓಡಿದ್ದು ಬೇರೆ. ಅಷ್ಟೂ ದಿನ ರಿಯಾಕ್ಟರಿನ ಒಳಗಿನ ಆ ಜಿರ್ಕೋನಿಯಂ ಕೊಳವೆಗಳ ಮೇಲೆ ನ್ಯೂಟ್ರಾನುಗಳು ಒಂದೇ ಸಮನೆ ಬೀಳುತ್ತಿದ್ದವು. ಬಿದ್ದು ಬಿದ್ದು ಕೊಳವೆ ನಿಧಾನಕ್ಕೆ ಉದ್ದವಾಗುತ್ತದೆ, ಸ್ವಲ್ಪ ಜೋಲುತ್ತದೆ, ಅಗಲವೂ ಆಗುತ್ತದೆ. ಕಣ್ಣಿಗೆ ಕಾಣದಷ್ಟು ನಿಧಾನ. ಆದರೆ ಅದನ್ನು ಮೊದಲೇ ಲೆಕ್ಕ ಹಾಕಿಟ್ಟವರು ಇದ್ದಾರೆ ಅಂತಲೇ ಘಟಕ ಅಷ್ಟು ದಿನ ಧೈರ್ಯವಾಗಿ ಓಡಿದ್ದು.

ಈ ಲೆಕ್ಕದ ಮೊದಲ ಮೆಟ್ಟಿಲು ಒಂದೇ ಪ್ರಶ್ನೆ. ಒಂದು ಕಣ ಬಂದು ಹೊಡೆದರೆ ಒಳಗೆ ಎಷ್ಟು ಪರಮಾಣುಗಳು ಜಾಗ ಬಿಟ್ಟು ಏಳುತ್ತವೆ? ಬೀಳುವ ಕಣ ಅಯಾನು ಆಗಿದ್ದರೆ ಉತ್ತರ ಕೊಡುವುದು ಸ್ರಿಮ್.

ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಬೆಳಗಿನ ಬಸ್ಸು ನೆನಪು ಮಾಡಿಕೊಳ್ಳಿ. ಎಲ್ಲ ಸೀಟೂ ತುಂಬಿದೆ. ಹಿಂದಿನಿಂದ ಯಾರೋ ಜೋರಾಗಿ ನುಗ್ಗಿ ಬಂದು ಒಬ್ಬರನ್ನು ಸೀಟಿನಿಂದ ಎಬ್ಬಿಸಿದರು ಅಂದುಕೊಳ್ಳಿ. ಸೀಟು ಖಾಲಿ, ಎದ್ದವರು ನಡುದಾರಿಯಲ್ಲಿ. ಲೋಹದ ಒಳಗೆ ಆಗುವುದೂ ಇದೇ. ಖಾಲಿ ಜಾಗಕ್ಕೆ ವೇಕೆನ್ಸಿ ಅನ್ನುತ್ತೇವೆ, ಜಾಗವಿಲ್ಲದ ಕಡೆ ತುರುಕಿಕೊಂಡ ಪರಮಾಣುವಿಗೆ ಇಂಟರ್‌ಸ್ಟಿಷಿಯಲ್. ಎಬ್ಬಿಸಿಕೊಂಡವರು ಸುಮ್ನೆ ಏಳುವುದಿಲ್ಲ. ಜೋರಾಗಿ ತಳ್ಳಿಸಿಕೊಂಡರೆ ಅವರೂ ಹೋಗಿ ಇನ್ನೊಬ್ಬರ ಮೇಲೆ ಬೀಳುತ್ತಾರೆ, ಅವರು ಮತ್ತೊಬ್ಬರ ಮೇಲೆ. ಹೀಗೆ ಒಂದು ಏಟಿಗೆ ನೂರಾರು ಜನ ಎದ್ದ ಹಾಗೆ ಆಗುವುದನ್ನು ಕ್ಯಾಸ್ಕೇಡ್ ಅಂತ ಕರೆಯುತ್ತೇವೆ. ಡಿಪಿಎ ಅಂದರೆ ಒಂದೊಂದು ಪರಮಾಣು ಸರಾಸರಿ ಎಷ್ಟು ಸಲ ಜಾಗ ಬಿಟ್ಟು ಎದ್ದಿದೆ ಅನ್ನುವ ಲೆಕ್ಕ. 10 ಡಿಪಿಎ ಅಂದರೆ ಲೋಹದ ಪ್ರತಿ ಪರಮಾಣುವೂ ಸರಾಸರಿ ಹತ್ತು ಸಲ ಎದ್ದಿದೆ. ಇಷ್ಟಾದರೂ ಲೋಹ ಲೋಹವಾಗಿಯೇ ಇರುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ನನಗೆ ನಂಬಲಾಗಿರಲಿಲ್ಲ, ಈಗಲೂ ಯೋಚನೆ ಮಾಡಿದರೆ ಮೈ ಜುಮ್ಮೆನ್ನುತ್ತದೆ.

ಈ ಚಿಂತೆ ಹೊಸದಲ್ಲ. ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳು ಗ್ರಾಫೈಟಿನ ಪರಮಾಣುಗಳನ್ನು ಕಿತ್ತು ಎಸೆಯುತ್ತವೆ ಅಂತ 1942ರಲ್ಲೇ ಭೌತವಿಜ್ಞಾನಿ ಯೂಜೀನ್ ವಿಗ್ನರ್ ಎಚ್ಚರಿಸಿದ್ದರು. ಹಾಗೆ ಕಿತ್ತು ಬಂದ ಪರಮಾಣುಗಳು ಗ್ರಾಫೈಟಿನ ಒಳಗೆ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ. ಆ ಶಕ್ತಿಯನ್ನು ಬಿಸಿ ಮಾಡಿ ಹೊರಗೆ ಬಿಡುವ ಕೆಲಸ ಮಾಡುತ್ತಿರುವಾಗಲೇ ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ 1957ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದದ್ದು. ಎಷ್ಟು ಪರಮಾಣು ಏಳುತ್ತವೆ ಅಂತ ಲೆಕ್ಕ ಹಾಕುವ ಸರಳ ಸೂತ್ರವನ್ನು 1955ರಲ್ಲಿ ಕಿಂಚಿನ್ ಮತ್ತು ಪೀಸ್ ಕೊಟ್ಟರು. 1975ರಲ್ಲಿ ನಾರ್ಗೆಟ್, ರಾಬಿನ್ಸನ್, ಟಾರೆನ್ಸ್ ಅದನ್ನು ತಿದ್ದಿದರು, ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದಕ್ಕೆ ಎನ್‌ಆರ್‌ಟಿ ಅಂತಲೇ ಹೆಸರು. ಇವತ್ತಿಗೂ ಡಿಪಿಎ ಅಂದರೆ ಹೆಚ್ಚಿನವರ ಲೆಕ್ಕ ಇದೇ. ಸೂತ್ರ ಎಷ್ಟು ಸುಲಭ ಅಂದರೆ ಬೆರಳಲ್ಲೇ ಮಾಡಬಹುದು. ಏಟಿನಲ್ಲಿ ಡಿಕ್ಕಿಗೆ ಅಂತ ಉಳಿದ ಶಕ್ತಿಯನ್ನು 0.8ರಿಂದ ಗುಣಿಸಿ, ಒಂದು ಪರಮಾಣುವನ್ನು ಎಬ್ಬಿಸಲು ಬೇಕಾದ ಶಕ್ತಿಯ ಎರಡರಷ್ಟರಿಂದ ಭಾಗಿಸಿ. ಕಬ್ಬಿಣಕ್ಕೆ ಆ ಶಕ್ತಿ 40 ಎಲೆಕ್ಟ್ರಾನ್ ವೋಲ್ಟ್ ಅಂತ ಹಿಡಿಯುತ್ತೇವೆ, ಪರಮಾಣುಗಳ ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ ಅದು. 50,000 ಎಲೆಕ್ಟ್ರಾನ್ ವೋಲ್ಟ್ ಡಿಕ್ಕಿಗೆ ಸಿಕ್ಕರೆ 500 ಪರಮಾಣು ಎದ್ದವು. ಅಷ್ಟೇ.

ಹಾಗಾದರೆ ಸಾಫ್ಟ್‌ವೇರ್ ಯಾಕೆ ಬೇಕು? ಬರುವ ಅಯಾನು ಎಷ್ಟು ಆಳಕ್ಕೆ ಇಳಿಯುತ್ತದೆ, ದಾರಿಯಲ್ಲಿ ಎಲೆಕ್ಟ್ರಾನುಗಳಿಗೆ ಎಷ್ಟು ಶಕ್ತಿ ಕೊಟ್ಟು ಡಿಕ್ಕಿಗೆ ಎಷ್ಟು ಉಳಿಸಿಕೊಳ್ಳುತ್ತದೆ, ಯಾವ ಆಳದಲ್ಲಿ ಜಾಸ್ತಿ ಹಾನಿ, ಇದನ್ನೆಲ್ಲ ಬೆರಳಲ್ಲಿ ಮಾಡಲಾಗುವುದಿಲ್ಲ. ಸ್ರಿಮ್ ಒಂದೊಂದೇ ಅಯಾನನ್ನು ಬಿಟ್ಟು, ದಾಳ ಎಸೆದ ಹಾಗೆ ಯಾವ ಪರಮಾಣುವಿಗೆ ಎಷ್ಟು ಹತ್ತಿರದಲ್ಲಿ ತಾಗಿತು ಅಂತ ತೀರ್ಮಾನಿಸಿ, ಅದು ನಿಲ್ಲುವವರೆಗೆ ಹಿಂದೆ ಹಿಂದೆಯೇ ಹೋಗುತ್ತದೆ. ಸಾವಿರಾರು ಅಯಾನುಗಳಿಗೆ ಹೀಗೆ ಮಾಡಿ ಸರಾಸರಿ ಕೊಡುತ್ತದೆ. ಬರೆದವರು ಅಮೆರಿಕದ ಜೇಮ್ಸ್ ಝೀಗ್ಲರ್ ಮತ್ತು ಜರ್ಮನಿಯ ಯೋಖೆನ್ ಬಿಯರ್ಸಾಕ್. ಇದರ ಮುಖ್ಯ ಭಾಗಕ್ಕೆ ಟ್ರಿಮ್ ಅಂತ ಹೆಸರು, ಅದರ ಮೂಲ 1980ರ ಒಂದು ಲೇಖನದಲ್ಲಿದೆ. ನಾವೆಲ್ಲ ಈಗ ಬಳಸುವುದು 2013ರ ಆವೃತ್ತಿ. ಓದುವವರಿಗೆ, ಸಂಶೋಧನೆ ಮಾಡುವವರಿಗೆ ಒಂದು ಪೈಸೆ ಖರ್ಚಿಲ್ಲ. ನಮ್ಮ ಲ್ಯಾಬುಗಳಲ್ಲಿ ಲಕ್ಷಗಟ್ಟಲೆ ಲೈಸೆನ್ಸ್ ಫೀ ಕಟ್ಟುವ ಸಾಫ್ಟ್‌ವೇರುಗಳಿವೆ. ನಾನು ದಿನಾ ತೆರೆಯುವುದು ಮಾತ್ರ ಈ ಬಿಟ್ಟಿಯದನ್ನೇ.

ಹಾಕಿಕೊಳ್ಳುವಾಗ ಸ್ವಲ್ಪ ತಾಳ್ಮೆ ಬೇಕು. ಇಳಿಸಿಕೊಂಡ ಫೈಲಿನ ಹೆಸರು ಕೊನೆಯಲ್ಲಿ ಬರೀ ‘ಇ’ ಅಂತ ಮುಗಿಯುತ್ತದೆ, ಅದನ್ನು ‘ಇಎಕ್ಸ್‌ಇ’ ಅಂತ ನಾವೇ ಬದಲಾಯಿಸಬೇಕು. ಬೇರೆ ಪ್ರೋಗ್ರಾಮುಗಳ ಜೊತೆ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿಗೆ ಹಾಕಬೇಡಿ, ಅಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ, ಇದಕ್ಕೆ ತನ್ನ ಫಲಿತಾಂಶವನ್ನು ತನ್ನ ಫೋಲ್ಡರಿನಲ್ಲೇ ಬರೆಯುವ ಅಭ್ಯಾಸ. ಡೆಸ್ಕ್‌ಟಾಪಿನಲ್ಲೋ ಡಿ ಡ್ರೈವಿನಲ್ಲೋ ಬೇರೆ ಫೋಲ್ಡರ್ ಮಾಡಿ. ಹಳೇ ವಿಷುವಲ್ ಬೇಸಿಕ್‌ನಲ್ಲಿ ಬರೆದದ್ದು, ಹಾಗಾಗಿ ಅದರ ಜೊತೆಗೇ ಬರುವ ಸೆಟಪ್ ಫೈಲನ್ನು ಅಡ್ಮಿನಿಸ್ಟ್ರೇಟರ್ ಆಗಿ ಒಮ್ಮೆ ಓಡಿಸಬೇಕು. ಅದನ್ನು ಬಿಟ್ಟರೆ ಕಿಟಕಿ ತೆರೆಯುವುದೇ ಇಲ್ಲ, ಏನೋ ಒಂದು ಫೈಲ್ ಸಿಗಲಿಲ್ಲ ಅನ್ನುತ್ತದೆ. ಲಿನಕ್ಸ್ ಬಳಸುವವರು ವೈನ್ ಅನ್ನುವ ಪ್ರೋಗ್ರಾಮಿನ ಮೂಲಕ ಓಡಿಸುತ್ತಾರೆ, ನಮ್ಮ ಲ್ಯಾಬಿನಲ್ಲೂ ಒಬ್ಬರು ಹಾಗೆಯೇ ಮಾಡುತ್ತಾರೆ, ತೊಂದರೆ ಇಲ್ಲ.

ತೆರೆದ ಮೇಲೆ ಕಾಣುವ ಟ್ರಿಮ್ ಕಿಟಕಿ ನೋಡಲು ತೊಂಬತ್ತರ ದಶಕದ್ದು. ಬೂದು ಬಣ್ಣ, ಸಣ್ಣ ಸಣ್ಣ ಡಬ್ಬಗಳು, ಪಕ್ಕದಲ್ಲೆಲ್ಲ ಪ್ರಶ್ನೆ ಚಿಹ್ನೆಯ ಗುಂಡಿ. ಆ ಪ್ರಶ್ನೆ ಚಿಹ್ನೆಗಳನ್ನು ಒತ್ತಿ ಓದಿ ಅಂತ ಎಲ್ಲರಿಗೂ ಹೇಳುತ್ತೇನೆ, ತುಂಬಾ ಚೆನ್ನಾಗಿ ಬರೆದಿದ್ದಾರೆ, ಒಬ್ಬ ಒಳ್ಳೆ ಮೇಷ್ಟ್ರು ಪಕ್ಕದಲ್ಲಿ ಕೂತ ಹಾಗಿದೆ. ಮೇಲೆ ಯಾವ ಅಯಾನು, ಎಷ್ಟು ಶಕ್ತಿ, ಯಾವ ಕೋನ. ಕೆಳಗೆ ಎಡಕ್ಕೆ ಪದರಗಳು, ಅವುಗಳ ದಪ್ಪ, ಸಾಂದ್ರತೆ. ಬಲಕ್ಕೆ ಆ ಪದರದಲ್ಲಿರುವ ಧಾತುಗಳು. ಆ ಬಲಗಡೆಯ ಪಟ್ಟಿಯ ಕೊನೆಯಲ್ಲಿ ಮೂರು ಪುಟ್ಟ ಸಂಖ್ಯೆಗಳಿವೆ. ಡಿಸ್ಪ್, ಲ್ಯಾಟ್, ಸರ್ಫ್ ಅಂತ ಬರೆದಿರುತ್ತದೆ. ಡಿಸ್ಪ್ ಅಂದರೆ ಒಂದು ಪರಮಾಣುವನ್ನು ಎಬ್ಬಿಸಲು ಬೇಕಾದ ಶಕ್ತಿ, ಲ್ಯಾಟ್ ಅಂದರೆ ಅದನ್ನು ತನ್ನ ಜಾಗದಲ್ಲಿ ಹಿಡಿದಿಟ್ಟ ಬಂಧದ ಶಕ್ತಿ, ಸರ್ಫ್ ಮೇಲ್ಮೈಯದ್ದು. ಕಬ್ಬಿಣ ಅಂತ ಆರಿಸಿದ ಕೂಡಲೇ ಡಿಸ್ಪ್ ಜಾಗದಲ್ಲಿ 25, ಲ್ಯಾಟ್ ಜಾಗದಲ್ಲಿ 3 ಅಂತ ತಾನಾಗಿ ತುಂಬಿಕೊಳ್ಳುತ್ತದೆ. ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ನನ್ನದೂ ಹೋಗಲಿಲ್ಲ.

ಪಿಎಚ್‌ಡಿಯ ಎರಡನೇ ವರ್ಷ. ಉಕ್ಕಿನ ಮೇಲೆ ಕಬ್ಬಿಣದ ಅಯಾನುಗಳನ್ನು ಬಿಟ್ಟು ಎಷ್ಟು ಡಿಪಿಎ ಆಯಿತು ಅಂತ ಲೆಕ್ಕ ಹಾಕಿದೆ. ಸ್ರಿಮ್‌ನಲ್ಲಿ ಲೆಕ್ಕದ ಬಗೆಯನ್ನು ಆರಿಸುವ ಜಾಗ ಇದೆ. ಒಂದು ಬೇಗ ಮುಗಿಯುವ ಲೆಕ್ಕ, ಅದು ಅಯಾನಿನ ದಾರಿಯನ್ನು ಮಾತ್ರ ಹಿಡಿದು ಹೋಗಿ, ಎದ್ದ ಪರಮಾಣು ಮುಂದೆ ಎಷ್ಟನ್ನು ಎಬ್ಬಿಸುತ್ತದೆ ಅನ್ನುವುದನ್ನು ಆ ಕಿಂಚಿನ್ ಪೀಸ್ ಸೂತ್ರಕ್ಕೆ ಬಿಡುತ್ತದೆ. ಇನ್ನೊಂದು ಪೂರ್ತಿ ಕ್ಯಾಸ್ಕೇಡ್, ಎದ್ದ ಪ್ರತಿಯೊಂದರ ಹಿಂದೆಯೂ ಹೋಗುತ್ತದೆ. ಪೂರ್ತಿ ಅಂದ ಮೇಲೆ ಅದೇ ಸರಿ ಇರಬೇಕು ಅಲ್ವಾ ಅಂತ ನಾನು ಎರಡನೆಯದನ್ನು ಒತ್ತಿದೆ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ಬಂದ ಸಂಖ್ಯೆಯನ್ನು ಪೇಪರಿನ ಕರಡಿಗೆ ಹಾಕಿ ಗೈಡ್‌ಗೆ ಕೊಟ್ಟೆ. ಅದೇ ಶಕ್ತಿ, ಅದೇ ಅಯಾನು, ಹೆಚ್ಚುಕಡಿಮೆ ಅದೇ ಉಕ್ಕು ಬಳಸಿದ ಇನ್ನೊಂದು ಗುಂಪಿನ ಸಂಖ್ಯೆ ನನ್ನದರ ಅರ್ಧ ಇತ್ತು. ಸರ್ ಕರಡನ್ನು ಮೇಜಿನ ಮೇಲಿಟ್ಟು ಕೇಳಿದರು, "ಯಾವ ಗುಂಡಿ ಒತ್ತಿದೆಯಮ್ಮಾ?" ನಾನು ಹೇಳಿದೆ. "ಲ್ಯಾಟ್ ಎಷ್ಟಿತ್ತು?" ನಾನು ನೋಡಿರಲೇ ಇಲ್ಲ.

ಈ ತೊಡಕು ನನಗೊಬ್ಬಳಿಗೆ ಆದದ್ದಲ್ಲ ಅಂತ ಆಮೇಲೆ ಗೊತ್ತಾಯಿತು. 2013ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ರೋಜರ್ ಸ್ಟಾಲರ್ ಮತ್ತು ಅವರ ಜೊತೆಗಾರರು ಇದರ ಮೇಲೇ ಒಂದು ಲೇಖನ ಬರೆದರು. ಪೂರ್ತಿ ಕ್ಯಾಸ್ಕೇಡ್ ಆರಿಸಿ, ಸ್ರಿಮ್ ಬರೆದಿಡುವ ವೇಕೆನ್ಸಿ ಫೈಲಿನಿಂದ ಎಣಿಸಿದರೆ ಎನ್‌ಆರ್‌ಟಿ ಲೆಕ್ಕಕ್ಕಿಂತ ಸುಮಾರು ಎರಡರಷ್ಟು ಬರುತ್ತದೆ. ಎಲ್ಲರ ಡಿಪಿಎ ಒಂದಕ್ಕೊಂದು ಹೋಲಿಸುವಂತಿರಬೇಕಾದರೆ ಬೇಗ ಮುಗಿಯುವ ಲೆಕ್ಕವನ್ನೇ ಆರಿಸಿ, ಕಬ್ಬಿಣಕ್ಕೆ ಡಿಸ್ಪ್ 40 ಹಾಕಿ, ಲ್ಯಾಟ್ ಸೊನ್ನೆ ಮಾಡಿ ಅಂತ ಅವರ ಸಲಹೆ. ನಾನು ಎಲ್ಲವನ್ನೂ ಮತ್ತೆ ಓಡಿಸಿದೆ. ಸಂಖ್ಯೆ ಸರಿಹೋಯಿತು. ಹಲವು ಧಾತುಗಳ ಮಿಶ್ರಲೋಹ, ಆಕ್ಸೈಡುಗಳಿಗೆ ಬಂದಾಗ ಯಾವುದು ಸರಿ ಅನ್ನುವ ಚರ್ಚೆ ಇನ್ನೂ ನಡೆಯುತ್ತಲೇ ಇದೆ, ಹಾಗಾಗಿ ಇದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೆ ಪೇಪರ್ ಬರೆಯುವಾಗ ಯಾವ ಆವೃತ್ತಿ, ಯಾವ ಆಯ್ಕೆ, ಡಿಸ್ಪ್ ಎಷ್ಟು, ಲ್ಯಾಟ್ ಎಷ್ಟು, ಈ ನಾಲ್ಕನ್ನು ಬರೆಯದಿದ್ದರೆ ಓದುವವರಿಗೆ ನಿಮ್ಮ ಡಿಪಿಎ ಯಾವ ಉಪಯೋಗಕ್ಕೂ ಬರುವುದಿಲ್ಲ. ಈಗಲೂ ವಿಮರ್ಶೆಗೆ ಬರುವ ಪೇಪರುಗಳಲ್ಲಿ "ಸ್ರಿಮ್‌ನಿಂದ ಲೆಕ್ಕ ಹಾಕಲಾಗಿದೆ" ಅಂತ ಒಂದೇ ಸಾಲು ಇರುತ್ತದೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ, ಅಷ್ಟು ಕಷ್ಟಪಟ್ಟು ಮಾಡಿದ ಪ್ರಯೋಗವನ್ನು ಬೇರೆಯವರು ಬಳಸಿಕೊಳ್ಳಲಾಗದ ಹಾಗೆ ಮಾಡಿಬಿಟ್ಟಿರುತ್ತಾರೆ.

ವೇಕೆನ್ಸಿ ಫೈಲ್ ಓದುವಾಗಲೂ ಒಂದು ಎಚ್ಚರ. ಬೇಗದ ಲೆಕ್ಕದಲ್ಲಿ ಅದು ಮೂರು ಕಂಬ ಸಾಲು ಕೊಡುತ್ತದೆ, ಮೊದಲನೆಯದು ಆಳ, ಎರಡನೆಯದು ಅಯಾನು ತಾನೇ ಎಬ್ಬಿಸಿದ್ದು, ಮೂರನೆಯದು ಎದ್ದವುಗಳು ಎಬ್ಬಿಸಿದ್ದು. ಎರಡನೆಯದನ್ನೂ ಮೂರನೆಯದನ್ನೂ ಕೂಡಿಸಬೇಕು. ಕೂಡಿಸಿ ಬಂದದ್ದು ಒಂದು ಅಯಾನಿಗೆ, ಒಂದು ಆಂಗ್‌ಸ್ಟ್ರಾಮ್ ಉದ್ದಕ್ಕೆ. ಅದು 1 ಅಂತಿಟ್ಟುಕೊಳ್ಳಿ. ಸೆಂಟಿಮೀಟರಿಗೆ ಬದಲಾಯಿಸಲು 10⁸ರಿಂದ ಗುಣಿಸಿ, ಚದರ ಸೆಂಟಿಮೀಟರಿಗೆ ಬಿದ್ದ ಅಯಾನುಗಳು 10¹⁶ ಆದರೆ ಅದರಿಂದಲೂ ಗುಣಿಸಿ, ಘನ ಸೆಂಟಿಮೀಟರಿನಲ್ಲಿರುವ ಕಬ್ಬಿಣದ ಪರಮಾಣುಗಳು, ಅಂದರೆ 8.5 × 10²²ರಿಂದ ಭಾಗಿಸಿ. ಹತ್ತಿರ ಹತ್ತಿರ 12 ಡಿಪಿಎ. ಎಕ್ಸೆಲ್‌ನಲ್ಲಿ ಒಮ್ಮೆ ಬರೆದಿಟ್ಟುಕೊಂಡರೆ ಜೀವನಪೂರ್ತಿ ಸಾಕು.

ಈ ಲೆಕ್ಕದ ಬೆಲೆ ತಿಳಿಯುವುದು ಅಯಾನುಗಳನ್ನು ಜೋರಾಗಿ ಓಡಿಸಿ ಬಿಡುವ ಯಂತ್ರದ, ಅಂದರೆ ವೇಗವರ್ಧಕದ, ಮುಂದೆ ಕೂತಾಗ. ಬೀಮ್ ಟೈಮ್, ಅಂದರೆ ಆ ಯಂತ್ರ ನಮ್ಮ ಪಾಲಿಗೆ ಸಿಗುವ ಹೊತ್ತು, ನಮಗೆ ಹಬ್ಬ, ಅದಕ್ಕಾಗಿ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ ಕಾಯಬೇಕು. ಅರ್ಜಿಯಲ್ಲಿ ಎಷ್ಟು ಶಿಫ್ಟ್ ಬೇಕು ಅಂತ ಬರೆಯಬೇಕಲ್ಲ, ಅದು ಬರುವುದು ಸ್ರಿಮ್‌ನಿಂದ. ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 10¹² ಅಯಾನು ಸಿಕ್ಕರೆ 10¹⁶ ಆಗಲು 10,000 ಸೆಕೆಂಡು, ಎರಡೂಮುಕ್ಕಾಲು ಗಂಟೆ. ರಿಯಾಕ್ಟರಿನಲ್ಲಿ ಇಷ್ಟೇ ಡಿಪಿಎಗೆ ತಿಂಗಳು, ವರ್ಷ ಬೇಕಾಗುತ್ತದೆ. ಸ್ಯಾಂಪಲ್ ಸಿದ್ಧ ಮಾಡಲು ಮಾತ್ರ ಯಾವ ಅಡ್ಡದಾರಿಯೂ ಇಲ್ಲ. ಉಕ್ಕಿನ ತುಂಡನ್ನು ನಾಲ್ಕುನೂರರ ಮರಳು ಕಾಗದದಿಂದ ಶುರು ಮಾಡಿ ನುಣುಪು ಕಾಗದದವರೆಗೆ ತಿಕ್ಕಿ, ಆಮೇಲೆ ವಜ್ರದ ಪೇಸ್ಟು, ಆಮೇಲೆ ಎಲೆಕ್ಟ್ರೋಪಾಲಿಶ್. ಮುಖ ಕಾಣಬೇಕು ಅದರಲ್ಲಿ. ಅಯಾನು ಇಳಿಯುವುದೇ ಮೈಕ್ರಾನಿನ ಲೆಕ್ಕದಲ್ಲಿ. ತಿಕ್ಕುವಾಗ ಬಿದ್ದ ಗೀರು ಅದಕ್ಕಿಂತ ಆಳವಾಗಿದ್ದರೆ ನೀವು ನೋಡುವುದು ವಿಕಿರಣದ ಹಾನಿಯನ್ನಲ್ಲ, ನಿಮ್ಮ ಕೈಯ ಹಾನಿಯನ್ನು. ಚೇಂಬರಿಗೆ ಹಾಕಿ ಗಾಳಿ ತೆಗೆದು, ಬೀಮ್ ಬಂತು ಅಂತ ಕಂಟ್ರೋಲ್ ರೂಮಿನಿಂದ ಹೇಳುವಾಗ ಸಾಮಾನ್ಯವಾಗಿ ರಾತ್ರಿ ಎರಡು ಗಂಟೆ ಆಗಿರುತ್ತದೆ. ಡಬ್ಬಿಯಲ್ಲಿ ತಂದ ಮೊಸರನ್ನ ಆಗ ತಿನ್ನುವುದು. ಕರೆಂಟ್ ಮೀಟರಿನ ಮುಳ್ಳು ಅಲ್ಲಾಡದೆ ನಿಂತರೆ ನಮಗೆ ಅದೇ ದೊಡ್ಡ ಸುಖ.

ಈಗ ಸ್ರಿಮ್‌ಗೆ ಗೊತ್ತಿಲ್ಲದ್ದರ ಬಗ್ಗೆ. ಇದನ್ನು ಒತ್ತಿ ಹೇಳಬೇಕು, ಯಾಕಂದರೆ ಹೊಸಬರು ಎಡವುವುದು ಇಲ್ಲೇ.

ಸ್ರಿಮ್‌ಗೆ ಬಿಸಿ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಲೋಹ ಸೊನ್ನೆ ಕೆಲ್ವಿನ್‌ನಲ್ಲಿದೆ. ಎದ್ದವರು ಎದ್ದೇ ಇರುತ್ತಾರೆ. ನಿಜವಾದ ಬಸ್ಸಿನಲ್ಲಿ ಏನಾಗುತ್ತದೆ? ನೂಕುನುಗ್ಗಲು ಮುಗಿದ ಮರುಕ್ಷಣವೇ ಹೆಚ್ಚಿನವರು ಹತ್ತಿರದ ಖಾಲಿ ಸೀಟಿನಲ್ಲಿ ಕೂತುಬಿಡುತ್ತಾರೆ. ಲೋಹಗಳಲ್ಲೂ ಹಾಗೆಯೇ, ಜೋರಾದ ಕ್ಯಾಸ್ಕೇಡ್ ಆದಾಗ ಎನ್‌ಆರ್‌ಟಿ ಎಣಿಸಿದ್ದರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಮಾತ್ರ ಕೊನೆಗೆ ದೋಷವಾಗಿ ಉಳಿಯುತ್ತದೆ, ಉಳಿದವು ಕೆಲವೇ ಪಿಕೋಸೆಕೆಂಡುಗಳಲ್ಲಿ ಯಾವುದೋ ಒಂದು ಸೀಟು ಹಿಡಿದಿರುತ್ತವೆ. ಇದನ್ನು ಲೆಕ್ಕಕ್ಕೆ ಸೇರಿಸುವ ಹೊಸ ಸೂತ್ರವನ್ನು 2018ರಲ್ಲಿ ಫಿನ್ಲೆಂಡಿನ ಕಾಯ್ ನಾರ್ಡ್‌ಲುಂಡ್ ಮತ್ತು ಸಂಗಡಿಗರು ಮುಂದಿಟ್ಟರು. ಸ್ರಿಮ್ ಅದಕ್ಕಿಂತ ಹಳೆಯದು.

ಅದಕ್ಕೆ ಹರಳಿನ ಜೋಡಣೆಯೂ ಗೊತ್ತಿಲ್ಲ. ಪರಮಾಣುಗಳು ಸಾಲಾಗಿ ಜೋಡಿಸಿಕೊಂಡಿವೆ ಅನ್ನುವುದನ್ನು ಬಿಟ್ಟು ಎಲ್ಲಾ ಚೆಲ್ಲಾಪಿಲ್ಲಿ ಅಂತ ಹಿಡಿಯುತ್ತದೆ. ಹಾಗಾಗಿ ಅಡಿಕೆ ತೋಟದ ಸಾಲಿನ ನಡುವೆ ನಿಂತರೆ ಆಚೆ ತುದಿ ಕಾಣುವ ಹಾಗೆ, ಸಾಲುಗಳ ನಡುವಿನ ದಾರಿಯಲ್ಲಿ ಅಯಾನು ತುಂಬಾ ಆಳಕ್ಕೆ ಜಾರಿಹೋಗುವುದು ಇದರಲ್ಲಿ ಬರುವುದೇ ಇಲ್ಲ. ಇನ್ನೊಂದು, ಪ್ರತಿ ಅಯಾನಿಗೂ ಅದು ಹೊಚ್ಚ ಹೊಸ ಲೋಹವನ್ನೇ ಕೊಡುತ್ತದೆ. ಹಿಂದಿನ ಲಕ್ಷ ಏಟು ಬಿದ್ದ ಗುರುತು ಅದರಲ್ಲಿ ಇಲ್ಲ.

ಆದರೆ ನಮ್ಮ ಕೆಲಸದ ನಿಜವಾದ ವಿಷಯ ಇರುವುದೇ ಆ ಬಿಸಿಯಲ್ಲಿ, ಆ ಗುರುತಿನಲ್ಲಿ. 1967ರಲ್ಲಿ ಸ್ಕಾಟ್ಲೆಂಡಿನ ಡೌನ್‌ರೇ ರಿಯಾಕ್ಟರಿನಿಂದ ತೆಗೆದ ಸ್ಟೇನ್‌ಲೆಸ್ ಸ್ಟೀಲನ್ನು ಕಾಥಾರ್ನ್ ಮತ್ತು ಫುಲ್ಟನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆ ಪುಟ್ಟ ಪುಟ್ಟ ತೂತುಗಳು ಕಂಡವು. ಖಾಲಿ ಸೀಟುಗಳೆಲ್ಲ ಒಂದು ಕಡೆ ಸೇರಿಕೊಂಡಿದ್ದವು. ಹಾಗೆ ಸೇರಿದಾಗ ಉಕ್ಕು ಊದಿಕೊಳ್ಳುತ್ತದೆ. ವೇಗದ ನ್ಯೂಟ್ರಾನುಗಳಿಂದಲೇ ಓಡುವ ಫಾಸ್ಟ್ ರಿಯಾಕ್ಟರಿನಲ್ಲಿ ಇಂಧನದ ಕಡ್ಡಿಗಳ ನಡುವೆ ಸೋಡಿಯಂ ಹರಿಯುವ ಸಂದು ಇರುತ್ತದೆ. ಕಡ್ಡಿ ಊದಿದರೆ ಸಂದು ಕಿರಿದಾಗುತ್ತದೆ. ಕಲ್ಪಾಕಂನಲ್ಲಿ 1985ರಿಂದ ಓಡುತ್ತಿರುವ ಪುಟ್ಟ ಫಾಸ್ಟ್ ರಿಯಾಕ್ಟರ್ ಇದೆ. ಅದರ ದೊಡ್ಡಣ್ಣನಿಗೆ, ಅಂದರೆ ಅಲ್ಲೇ ಕಟ್ಟಿದ ದೊಡ್ಡ ಫಾಸ್ಟ್ ರಿಯಾಕ್ಟರಿಗೆ, ಕಡಿಮೆ ಊದುವ, ಟೈಟಾನಿಯಂ ಸೇರಿಸಿದ ಡಿ9 ಅನ್ನುವ ಉಕ್ಕನ್ನು ಆರಿಸಿಕೊಂಡಿದ್ದಾರೆ. ಆ ಉಕ್ಕಿಗೆ ಮೊದಲು ಸ್ವಲ್ಪ ಹೀಲಿಯಂ ತುಂಬಿ, ಆಮೇಲೆ ನಿಕ್ಕಲ್ ಅಯಾನು ಬಿಟ್ಟು ಎಷ್ಟು ಊದುತ್ತದೆ ಅಂತ ಅಲ್ಲಿನ ವೇಗವರ್ಧಕದಲ್ಲೇ ಅಳೆದಿದ್ದಾರೆ. ಎಷ್ಟು ಆಳದಲ್ಲಿ ಎಷ್ಟು ಡಿಪಿಎ ಅನ್ನುವುದನ್ನು ಸ್ರಿಮ್ ಹೇಳುತ್ತದೆ. ಊದುತ್ತದಾ ಇಲ್ಲವಾ ಅನ್ನುವುದನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

ನಾನು ಮೊದಲ ಸಲ ಅಂಥ ತೂತು ನೋಡಿದ ದಿನ ಚೆನ್ನಾಗಿ ನೆನಪಿದೆ. ಫೋಕಸ್ಸನ್ನು ಒಂದು ಕಡೆ ತಿರುಗಿಸಿದರೆ ಬೆಳ್ಳಗಿನ ಚುಕ್ಕೆ, ಇನ್ನೊಂದು ಕಡೆ ತಿರುಗಿಸಿದರೆ ಅದೇ ಕಪ್ಪು. ತಿರುಗಿಸಿ ತಿರುಗಿಸಿ ನೋಡಿದೆ, ಪ್ರತಿ ಸಲವೂ ಬಣ್ಣ ಬದಲಾಯಿತು. ಮೇಲ್ಮೈಯಿಂದ ಅಳತೆ ಮಾಡಿದೆ. ಸ್ರಿಮ್‌ನ ಗ್ರಾಫಿನಲ್ಲಿ ಹಾನಿ ಜಾಸ್ತಿ ಇದ್ದ ಪಟ್ಟಿಯಲ್ಲೇ ಅವು ಗುಂಪಾಗಿದ್ದವು. ತೀರಾ ಮೇಲ್ಮೈಯ ಹತ್ತಿರ ಇರಲಿಲ್ಲ. ಅಯಾನುಗಳು ಬಂದು ನಿಲ್ಲುವ ತುದಿಯಲ್ಲೂ ಕಡಿಮೆ, ಅಲ್ಲಿ ಹೊರಗಿನಿಂದ ಬಂದ ಪರಮಾಣುಗಳೇ ಖಾಲಿ ಸೀಟಿನಲ್ಲಿ ಕೂರುತ್ತವೆ. ಅದಕ್ಕೇ ನಾವು ಎರಡೂ ತುದಿ ಬಿಟ್ಟು ನಡುವಿನ ಪಟ್ಟಿಯನ್ನು ಮಾತ್ರ ಎಣಿಸುತ್ತೇವೆ.

ಮಂಗಳೂರು ಕಡೆಯಿಂದ ಒಬ್ಬ ವಿದ್ಯಾರ್ಥಿನಿ ಮೊನ್ನೆ ಕೇಳಿದಳು, ಕೊಣಾಜೆಯ ಮೈಕ್ರೋಟ್ರಾನ್ ಅನ್ನುವ ವೇಗವರ್ಧಕದ 8 ಎಂಇವಿ ಎಲೆಕ್ಟ್ರಾನಿಗೆ ಸ್ರಿಮ್ ಬಳಸಬಹುದಾ ಅಂತ. ಎಂಇವಿ ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್. ಆಗುವುದಿಲ್ಲ. ಪ್ರೋಟಾನಿನಿಂದ ಮೇಲೆ ಮಾತ್ರ, ಎಲೆಕ್ಟ್ರಾನು, ನ್ಯೂಟ್ರಾನು, ಗಾಮಾ ಯಾವುದಕ್ಕೂ ಇದು ಅಲ್ಲ. ದೆಹಲಿಯ ಪೆಲೆಟ್ರಾನ್ ವೇಗವರ್ಧಕದಲ್ಲಿ ನೂರು ಎಂಇವಿಯ ಬೆಳ್ಳಿ, ಚಿನ್ನದ ಅಯಾನು ಬಳಸುವವರಿಗೆ ಶಕ್ತಿನಷ್ಟದ ಟೇಬಲ್ ತುಂಬಾ ಉಪಯೋಗಕ್ಕೆ ಬರುತ್ತದೆ, ಆದರೆ ಅಷ್ಟು ವೇಗದಲ್ಲಿ ಹೆಚ್ಚಿನ ಶಕ್ತಿ ಎಲೆಕ್ಟ್ರಾನುಗಳಿಗೇ ಹೋಗುತ್ತದೆ, ಅದರಿಂದ ಆಗುವ ಹಾನಿಯನ್ನು ಸ್ರಿಮ್ ಎಣಿಸುವುದಿಲ್ಲ. ಅಲ್ಲಿ ಡಿಪಿಎ ಬರೆದರೆ ಅರ್ಧ ಕಥೆಯೂ ಅಲ್ಲ.

ಝೀಗ್ಲರ್ ಅವರ ಬಗ್ಗೆ ಒಂದು ಮಾತು ಸೇರಿಸಬೇಕು. ಐಬಿಎಂನಲ್ಲಿದ್ದಾಗ 1979ರಲ್ಲಿ ಅವರು ಲ್ಯಾನ್‌ಫರ್ಡ್ ಜೊತೆ ಸೇರಿ, ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಕಂಪ್ಯೂಟರಿನ ಮೆಮೊರಿಯಲ್ಲಿ ಸೊನ್ನೆಯನ್ನು ಒಂದು, ಒಂದನ್ನು ಸೊನ್ನೆ ಮಾಡಬಲ್ಲವು ಅಂತ ತೋರಿಸಿದರು. ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವವರು ಇವತ್ತಿಗೂ ತಲೆಕೆಡಿಸಿಕೊಳ್ಳುವ ಸಮಸ್ಯೆ ಅದು. ಅಂಥವರು ತಮ್ಮ ಜೀವಮಾನದ ಕೆಲಸವನ್ನು ಹೀಗೆ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟದ್ದಕ್ಕೆ ನಾನು ಋಣಿ. ಯಾವುದೋ ಸಣ್ಣ ಕಾಲೇಜಿನ ಎಂಎಸ್‌ಸಿ ಹುಡುಗಿಯೂ, ದೊಡ್ಡ ಲ್ಯಾಬಿನ ಪ್ರೊಫೆಸರೂ ಒಂದೇ ಸಾಫ್ಟ್‌ವೇರ್ ತೆರೆದು ಒಂದೇ ಲೆಕ್ಕ ಹಾಕಬಹುದು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಒಂದು ಲೆಕ್ಕ ಓಡುತ್ತಿತ್ತು. ಆಯಿ ದೀಪಕ್ಕೆ ಬತ್ತಿ ಹೊಸೆಯುತ್ತಾ ಪಕ್ಕದಲ್ಲಿ ಕೂತಿದ್ದಳು. ಎಡಗಡೆಯಿಂದ ಕೆಂಪು ಚುಕ್ಕೆಗಳ ಗೆರೆ ಹೊರಟು, ಮೊದಲು ನೇರ, ಆಮೇಲೆ ಅಂಕುಡೊಂಕು, ಕೊನೆಗೆ ನಿಂತುಬಿಡುತ್ತಿತ್ತು. ಮತ್ತೊಂದು. ಮತ್ತೊಂದು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಕೆಂಪು ಪೊದೆಯೇ ಬೆಳೆದಿತ್ತು. ಇದೇನು ಅಂತ ಕೇಳಿದಳು, ಹೇಳಿದೆ. "ಅಷ್ಟು ಹೊಡದ್ರೂ ಕಬ್ಬಿಣ ಹಾಂಗೇ ಇರ್ತಾ ಕೂಸೆ?" ಅಂದಳು. ಅದನ್ನೇ ನೋಡ್ತಾ ಇದ್ದೆ ಆಯಿ, ಅಂದೆ. ಬತ್ತಿ ಕೆಳಗಿಟ್ಟು ಇನ್ನೂ ಹತ್ತು ಅಯಾನು ನಿಲ್ಲುವವರೆಗೆ ನನ್ನ ಜೊತೆಗೇ ನೋಡಿದಳು.

ಆ ಕಿಟಕಿ ಕಲಿಯುವವರಿಗೆ ತುಂಬಾ ಒಳ್ಳೆಯದು. ಶಕ್ತಿ ಬದಲಾಯಿಸಿ, ಅಯಾನು ಬದಲಾಯಿಸಿ, ಸುಮ್ನೆ ನೋಡುತ್ತಾ ಕೂತರೂ ಬಹಳಷ್ಟು ಅರ್ಥವಾಗುತ್ತದೆ. ಹೀಲಿಯಂ ಹೇಗೆ ನೇರ ಹೋಗಿ ಕೊನೆಯಲ್ಲಿ ತೂರಾಡುತ್ತದೆ, ಚಿನ್ನ ಹೇಗೆ ಹೊಕ್ಕ ಕೂಡಲೇ ಗದ್ದಲ ಎಬ್ಬಿಸುತ್ತದೆ ಅನ್ನುವುದು ಪುಸ್ತಕ ಓದಿ ಇಷ್ಟು ಬೇಗ ತಲೆಗೆ ಹೋಗುವುದಿಲ್ಲ. ಆದರೆ ಗಂಭೀರ ಲೆಕ್ಕಕ್ಕೆ ಆ ಚಿತ್ರಗಳನ್ನು ಮುಚ್ಚಿ ಓಡಿಸಿ, ಎಷ್ಟೋ ಬೇಗ ಮುಗಿಯುತ್ತದೆ. ತಾನಾಗಿ 99,999 ಅಯಾನು ಅಂತ ಇರುತ್ತದೆ, ಅಷ್ಟು ಬೇಕಿಲ್ಲ, ಗೆರೆ ನುಣುಪಾಗುವಷ್ಟು ಸಾಕು. ಆಳವನ್ನು ಯಾವಾಗಲೂ ನೂರು ತುಂಡು ಮಾಡಿಯೇ ಕೊಡುತ್ತದೆ, ಹಾಗಾಗಿ ಪದರದ ದಪ್ಪವನ್ನು ಅಯಾನು ನಿಲ್ಲುವ ಆಳಕ್ಕಿಂತ ಸ್ವಲ್ಪ ಜಾಸ್ತಿ ಇಡಿ, ತುಂಬಾ ಜಾಸ್ತಿ ಇಟ್ಟರೆ ನಿಮಗೆ ಬೇಕಾದ ಜಾಗಕ್ಕೆ ಮೂರೋ ನಾಲ್ಕೋ ಬಿಂದು ಸಿಗುತ್ತವೆ. ಈಗಿನ ಕಂಪ್ಯೂಟರಿನಲ್ಲಿ ಎಂಟು ಕೋರ್ ಇದ್ದರೂ ಇದು ಒಂದರಲ್ಲೇ ಓಡುವುದು ನನಗೆ ಕೊರತೆ ಅನ್ನಿಸುತ್ತದೆ. ವೇಗ ಬೇಕಾದವರು ಜರ್ಮನಿಯಿಂದ ಬಂದ ಇರಾಡಿನಾ ಅನ್ನುವ ಇಂಥದ್ದೇ ಸಾಫ್ಟ್‌ವೇರ್ ನೋಡಬಹುದು, ಮೂಲ ಕೋಡೂ ಸಿಗುತ್ತದೆ, ಆದರೆ ಮೊದಲ ದಿನಕ್ಕೆ ಅದು ಬೇಡ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು, ಕೇಳದೆಯೇ ತುಂಬಿಕೊಳ್ಳುವ ಆ 25 ಮತ್ತು 3ಕ್ಕೆ.

ಹಾಕಿಕೊಂಡ ಮೇಲೆ ಮೊದಲು ಇದೊಂದು ಮಾಡಿ. ಹೈಡ್ರೋಜನ್ ಆರಿಸಿ, ಶಕ್ತಿ 1 ಎಂಇವಿ, ಅಂದರೆ ಡಬ್ಬದಲ್ಲಿ 1000 ಅಂತ ಹೊಡೆಯಬೇಕು, ಅಲ್ಲಿನ ಲೆಕ್ಕ ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ. ಗುರಿ ಸಿಲಿಕಾನ್, ದಪ್ಪ 20 ಮೈಕ್ರಾನ್. ಸಾವಿರ ಅಯಾನು ಬಿಡಿ. ಸುಮಾರು 16 ಮೈಕ್ರಾನ್ ಆಳದಲ್ಲಿ ನಿಂತರೆ ನಿಮ್ಮ ಸ್ರಿಮ್ ಸರಿಯಾಗಿ ಕೂತಿದೆ, ಮುಂದಿನ ಲೆಕ್ಕ ಶುರು ಮಾಡಬಹುದು.